ಏಳು ಸಹಿ, ಒಂದು ಬೈಲಾ: ನಮ್ಮ ಕಡೆ ಸೇವಾ ಸಂಸ್ಥೆ ನೋಂದಾಯಿಸುವ ಕೆಲಸ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಹೊಸ ಸಂಸ್ಥೆಯ ಕಾಗದಪತ್ರ ಮಾಡಿಸಲು ನಮ್ಮಲ್ಲಿಗೆ ಬರುವವರು ಮೊದಲು ಕೇಳುವುದು ಒಂದೇ ಮಾತು: "ಸರ್ಟಿಫಿಕೇಟ್ ಎಷ್ಟ ದಿನಕ್ಕ ಕೈಗೆ ಬರತದ್ರೀ?" ಕಾಗದ ಸರಿ ಇದ್ದರೆ ಬರುತ್ತದೆ, ಅದು ದೊಡ್ಡ ಮಾತಲ್ಲ. ತೊಡಕು ಕಾಣಿಸಿಕೊಳ್ಳುವುದು ಎರಡು ಮೂರು ವರ್ಷದ ಮೇಲೆ. ಅನುದಾನಕ್ಕೆ ಅರ್ಜಿ ಹಾಕಲು ಹೋದಾಗ ಒಂದು ವರ್ಷದ ಲೆಕ್ಕವೂ ಕಚೇರಿಗೆ ಮುಟ್ಟಿಲ್ಲ ಎಂದು ಗೊತ್ತಾಗುತ್ತದೆ. ಅಷ್ಟೊತ್ತಿಗೆ ಅಧ್ಯಕ್ಷರಿಗೂ ಕಾರ್ಯದರ್ಶಿಗೂ ಮಾತು ಬಿಟ್ಟಿರುತ್ತದೆ. ಸದಸ್ಯರು ಯಾರು ಎಂದು ಹೇಳುವ ಪುಸ್ತಕವೇ ಇರುವುದಿಲ್ಲ. ಹುಡುಕುತ್ತ ಹೋದರೆ ಇವೆಲ್ಲದರ ಬೇರು ಮೊದಲ ವಾರ ಅವಸರದಲ್ಲಿ ನಕಲು ಹೊಡೆದ ಬೈಲಾದಲ್ಲಿ, ಅಂದರೆ ಸಂಸ್ಥೆಯ ನಿಯಮಾವಳಿಯಲ್ಲಿ, ಸಿಗುತ್ತದೆ. ಹಾಗಾಗಿ ಇಲ್ಲಿ ಕಚೇರಿ ಓಡಾಟಕ್ಕಿಂತ ಬೈಲಾದ ಮಾತೇ ಹೆಚ್ಚು.

ಮೊದಲು ಯಾವ ದಾರಿ ಎಂಬುದು ಇತ್ಯರ್ಥವಾಗಬೇಕು. ಲಾಭ ಹಂಚಿಕೊಳ್ಳದ ಸಂಸ್ಥೆ ಕಟ್ಟಲು ನಮ್ಮಲ್ಲಿ ಮೂರು ದಾರಿಗಳಿವೆ: 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ, ಉಪ ನೋಂದಣಿ ಕಚೇರಿಯಲ್ಲಿ ಪತ್ರ ನೋಂದಾಯಿಸಿ ಟ್ರಸ್ಟ್, 2013ರ ಕಂಪನಿ ಕಾಯ್ದೆಯ 8ನೇ ಕಲಮಿನ ಕಂಪನಿ.

ಕಂಪನಿಗೆ ಇಬ್ಬರು ಸಾಕು, ಕೆಲಸವೆಲ್ಲ ಆನ್‌ಲೈನ್. ಆದರೆ ನಿರ್ದೇಶಕರಿಗೆ ಡಿಜಿಟಲ್ ಸಹಿ ಬೇಕು, ನೋಂದಣಿಯಾದ 30 ದಿನದೊಳಗೆ ಲೆಕ್ಕಪರಿಶೋಧಕರನ್ನು ನೇಮಿಸಬೇಕು, ವರ್ಷಾವರ್ಷ ಲೆಕ್ಕದ ಫಾರ್ಮು ಬೇರೆ, ವಾರ್ಷಿಕ ವಿವರದ ಫಾರ್ಮು ಬೇರೆ. ತಡವಾದರೆ ಒಂದೊಂದು ಫಾರ್ಮಿಗೆ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ. ಎರಡು ಫಾರ್ಮು, ಒಂದು ವರ್ಷ ಮರೆತರೆ ಎಷ್ಟಾಯಿತು ಎಂದು ನೀವೇ ಲೆಕ್ಕ ಹಾಕಿ. ದೊಡ್ಡ ಕಂಪನಿಗಳ ಹಣ ತಂದು ಹಲವು ಜಿಲ್ಲೆಗಳಲ್ಲಿ ಕೆಲಸ ಮಾಡುವವರಿಗೆ ಇದು ಸರಿ. ಸಿಂದಗಿಯಲ್ಲೋ ಹುನಗುಂದದಲ್ಲೋ ವಾಚನಾಲಯ ನಡೆಸುವವರಿಗೆ ಇದು ಹೊರಲಾರದ ಭಾರ.

ಟ್ರಸ್ಟ್ ಸರಳ. ಆಸ್ತಿ ಕೊಡುವವರು, ಟ್ರಸ್ಟಿಗಳು, ಇಬ್ಬರು ಸಾಕ್ಷಿ ಉಪ ನೋಂದಣಿ ಕಚೇರಿಗೆ ಹೋಗಿ ಫೋಟೋ, ಹೆಬ್ಬೆಟ್ಟು ಕೊಟ್ಟು ಬಂದರೆ ಮುಗಿಯಿತು. ಚುನಾವಣೆ ಇಲ್ಲ, ಸರ್ವಸಾಧಾರಣ ಸಭೆ ಇಲ್ಲ. ಒಬ್ಬರು ಜಾಗ ಅಥವಾ ಹಣ ಕೊಟ್ಟು ಅದು ಇಂಥದ್ದಕ್ಕೇ ಬಳಕೆಯಾಗಲಿ ಎನ್ನುವಲ್ಲಿ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಪತ್ರದಲ್ಲಿ ತಿದ್ದುಪಡಿಯ ಕಲಮು ಹಾಕದೆ ನೋಂದಾಯಿಸಿದರೆ, ಮುಂದೆ ಒಂದು ಉದ್ದೇಶ ಸೇರಿಸುವುದಕ್ಕೂ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ. ಟ್ರಸ್ಟಿ ತೀರಿಕೊಂಡರೆ ಅವರ ಜಾಗಕ್ಕೆ ಯಾರು, ಆರಿಸುವವರು ಯಾರು ಎಂಬುದೂ ಪತ್ರದಲ್ಲೇ ಇರಬೇಕು. ಇಲ್ಲದಿದ್ದರೆ ಮಗನೇ ವಾರಸುದಾರನಾಗಿ ಬಂದು ಕುಳಿತುಬಿಡುತ್ತಾನೆ.

ಹತ್ತು ಮಂದಿ ಕೂಡಿ, ಸದಸ್ಯರನ್ನು ಸೇರಿಸಿಕೊಂಡು, ಸರದಿಯ ಮೇಲೆ ಜವಾಬ್ದಾರಿ ಹೊರುವವರಿಗೆ ಸಂಘವೇ ತಕ್ಕದ್ದು. ನಮ್ಮ ಭಾಗದ ಹಳೆಯ ವಿದ್ಯಾಸಂಸ್ಥೆಗಳೆಲ್ಲ ಹೀಗೆ ಮಂದಿ ಕೂಡಿ ಕಟ್ಟಿದವು. ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ 1906ರದು, ವಿಜಯಪುರದ ಬಿ.ಎಲ್.ಡಿ.ಇ. 1910ರದು. ಬೆಳಗಾವಿಯ ಕೆ.ಎಲ್.ಇ. ಸೊಸೈಟಿಯನ್ನು 1916ರಲ್ಲಿ ಕಟ್ಟಿದವರು ಏಳು ಮಂದಿ, ಸಪ್ತರ್ಷಿಗಳೆಂದೇ ಅವರನ್ನು ಕರೆಯುವುದು. 1960ರ ಕಾಯ್ದೆ ಕೇಳುವುದೂ ಕನಿಷ್ಠ ಏಳು ಮಂದಿಯನ್ನೇ, 18 ವರ್ಷ ತುಂಬಿದವರನ್ನು.

ಆ ಏಳು ಮಂದಿ ಯಾರು ಎಂಬಲ್ಲೇ ಮೊದಲ ಎಡವಟ್ಟು. ಗಂಡ, ಹೆಂಡತಿ, ಅಣ್ಣ, ತಮ್ಮ, ಅಳಿಯ ಸೇರಿಸಿ ಏಳು ಮಾಡುತ್ತಾರೆ. ನೋಂದಣಿ ಆದರೂ ಆದೀತು. ಮುಂದೆ ಆದಾಯ ತೆರಿಗೆಯವರ ಮುಂದೆ, ಹಣ ಕೊಡುವವರ ಮುಂದೆ ಇದು ಮನೆಯವರ ಸಂಸ್ಥೆ ಎಂದೇ ಲೆಕ್ಕ. ಊರಾಗಿನ ದೊಡ್ಡವರ ಹೆಸರು ಮರ್ಯಾದೆಗೆ ಹಾಕುವುದು ಎರಡನೆಯ ಎಡವಟ್ಟು. ಅವರು ಸಭೆಗೆ ಬರುವುದಿಲ್ಲ, ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಆಗುವುದಿಲ್ಲ, ಸಹಿಗೆ ಅವರ ತೋಟಕ್ಕೆ ಹೋಗಿ ಕಾಯಬೇಕು. ಅಂಥವರನ್ನು ಗೌರವಾಧ್ಯಕ್ಷರನ್ನಾಗಿ ಮಾಡಿ, ಕಾರ್ಯಕಾರಿ ಮಂಡಳಿಯಿಂದ ಹೊರಗೆ ಇಡಿ. ಮಂಡಳಿಯ ಸಂಖ್ಯೆ 7, 9, 11 ಹೀಗೆ ಬೆಸವಾಗಿರಲಿ, ಠರಾವು ಸಮಸಮ ಬಿದ್ದು ಕೂರುವುದು ಬೇಡ.

ಹೆಸರು ಜಿಲ್ಲೆಯಲ್ಲಿ ಈಗಾಗಲೇ ನೋಂದಾಯಿತ ಸಂಘದ ಹೆಸರನ್ನು ಹೋಲಬಾರದು. ಸರ್ಕಾರದ ಸಂಸ್ಥೆಯೇನೋ ಎಂಬ ಭ್ರಮೆ ಹುಟ್ಟಿಸುವ ಹೆಸರುಗಳಿಗೆ 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆ ಅಡ್ಡ ಬರುತ್ತದೆ. ಬಸವೇಶ್ವರ, ಸಿದ್ಧೇಶ್ವರ, ವಿವೇಕಾನಂದ ಹೆಸರಿನ ಸಂಘಗಳು ಊರಿಗೆ ಎರಡಾದರೂ ಇರುತ್ತವೆ, ಆದ್ದರಿಂದ ಊರಿನ ಹೆಸರು, ಕೆಲಸದ ಹೆಸರು ಎರಡನ್ನೂ ಸೇರಿಸಿ. ಮೂರು ಹೆಸರು ಬರೆದುಕೊಂಡು ಹೋಗುವುದು ಕ್ಷೇಮ.

ಹೆಸರಿನ ಇಂಗ್ಲಿಷ್ ಅಕ್ಷರಜೋಡಣೆಯನ್ನು ಅದೇ ದಿನ ಒಂದು ಹಾಳೆಯ ಮೇಲೆ ಬರೆದು ಎಲ್ಲರೂ ಒಪ್ಪಿಕೊಳ್ಳಿ. ಬೇಕಿಲ್ಲದ ಕೆಲಸ ಅನಿಸಬಹುದು. ಸರ್ಟಿಫಿಕೇಟ್ ಕನ್ನಡದಲ್ಲಿ ಬಂದಿರುತ್ತದೆ. ಪ್ಯಾನ್ ಮಾಡಿಸುವವರು 'ಸಂಘ'ದ ಕೊನೆಯ 'ಎ' ಬಿಡುತ್ತಾರೆ, ಬ್ಯಾಂಕಿನವರು ಅದನ್ನು ಸೇರಿಸುತ್ತಾರೆ, ಸೇವಾ ಸಂಸ್ಥೆಗಳ ವಿವರ ದಾಖಲಿಸುವ ಕೇಂದ್ರದ ದರ್ಪಣ್ ಪೋರ್ಟಲ್ಲಿನಲ್ಲಿ ಮೂರನೆಯ ರೂಪ. ಇನ್ನು ವಿಳಾಸ: ವಿಜಯಪುರ, ಬೆಳಗಾವಿ ಹೆಸರುಗಳು ಅಧಿಕೃತವಾದದ್ದು 2014ರ ನವೆಂಬರ್ 1ರಂದು, ಹಳೆಯ ಕಾಗದಗಳಲ್ಲಿ ಬಿಜಾಪುರ, ಬೆಳಗಾಂ ಎಂದೇ ಇದೆ. ಹೆಸರು ಒಂದಕ್ಕೊಂದು ತಾಳೆಯಾಗದಿದ್ದರೆ ತೆರಿಗೆ ನೋಂದಣಿಯ ಅರ್ಜಿ ಅಲ್ಲೇ ನಿಲ್ಲುತ್ತದೆ. ಆಮೇಲೆ ಪ್ಯಾನ್ ತಿದ್ದುಪಡಿ, ಬ್ಯಾಂಕಿನ ತಿದ್ದುಪಡಿ, ಒಂದೊಂದಕ್ಕೂ ಹೊಸ ಠರಾವು.

ಕಚೇರಿಯ ವಿಳಾಸಕ್ಕೆ ಪುರಾವೆ ಬೇಕು. ಸ್ವಂತ ಕಟ್ಟಡ ಇಲ್ಲದವರು ಒಬ್ಬರ ಮನೆಯ ವಿಳಾಸ ಕೊಡುತ್ತಾರೆ, ತಪ್ಪಿಲ್ಲ. ನಗರದಲ್ಲಿ ಸಿ.ಟಿ.ಎಸ್. (ನಗರ ಸರ್ವೆ) ನಂಬರಿನ ಉತಾರ, ಹಳ್ಳಿಯಲ್ಲಿ ಪಂಚಾಯಿತಿಯ ಇ-ಸ್ವತ್ತು ನಮೂನೆ, ಬಾಗಲಕೋಟೆಯ ನವನಗರದಲ್ಲಾದರೆ ಸೆಕ್ಟರ್ ಮತ್ತು ಪ್ಲಾಟ್ ನಂಬರ್ ಇರುವ ಪಟ್ಟಣ ಅಭಿವೃದ್ಧಿ ಪ್ರಾಧಿಕಾರದ ಕಾಗದ. ಜೊತೆಗೆ ಈಚಿನ ಹೆಸ್ಕಾಂ ವಿದ್ಯುತ್ ಬಿಲ್ಲು, ಮನೆ ಮಾಲೀಕರ ಒಪ್ಪಿಗೆ ಪತ್ರ. ಬಿಲ್ಲು ತೀರಿಹೋದ ಅಜ್ಜನ ಹೆಸರಿನಲ್ಲಿ, ಉತಾರ ಮೂವರು ಅಣ್ಣತಮ್ಮಂದಿರ ಹೆಸರಿನಲ್ಲಿ ಇರುವುದು ನಮ್ಮ ಕಡೆ ಮಾಮೂಲು. ಆಗ ಮೂವರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಒಬ್ಬ ಅಣ್ಣ ಪುಣೆಯಲ್ಲಿದ್ದರೆ ಬೇರೆ ವಿಳಾಸ ಹುಡುಕುವುದೇ ಲಗೂನ ಆಗುವ ಕೆಲಸ.

ಇನ್ನು ಬೈಲಾ.

ಅರ್ಜಿಯ ಜೊತೆ ಹೋಗುವುದು ಎರಡು ದಸ್ತಾವೇಜು. ಮೊದಲನೆಯದು ಸಂಘದ ಜ್ಞಾಪನ ಪತ್ರ: ಹೆಸರು, ಕಚೇರಿ, ಉದ್ದೇಶ, ಮೊದಲ ಕಾರ್ಯಕಾರಿ ಮಂಡಳಿಯವರ ಹೆಸರು, ವಿಳಾಸ, ಉದ್ಯೋಗ. ಎರಡನೆಯದು ನಿಯಮಾವಳಿ, ಎಲ್ಲರ ಬಾಯಲ್ಲಿ ಬೈಲಾ. ಮಂಡಳಿಯ ಮೂವರಾದರೂ ಇದು ಸರಿಯಾದ ಪ್ರತಿ ಎಂದು ದೃಢೀಕರಿಸಿರಬೇಕು. ಪುಟಪುಟಕ್ಕೂ ಸಹಿ ಇರಲಿ. ಒಂದೇ ಪುಟಕ್ಕೆ ಸಹಿ ಹಾಕಿ ಪಿನ್ ಹೊಡೆದ ಬೈಲಾದ ನಡುವಿನ ಹಾಳೆ ಬದಲಾಗಿದೆ ಎಂಬ ತಕರಾರು ಎದ್ದರೆ ಬಿಡಿಸುವವರು ಯಾರು?

ನಕಲಿನ ಮಾತಿಗೆ ಬರೋಣ. ನಮ್ಮ ಮೂರೂ ಜಿಲ್ಲೆಗಳು 1956ಕ್ಕೆ ಮುಂಚೆ ಮುಂಬಯಿ ಪ್ರಾಂತದಲ್ಲಿದ್ದವು. 1950ರ ಬಾಂಬೆ ಪಬ್ಲಿಕ್ ಟ್ರಸ್ಟ್ಸ್ ಕಾಯ್ದೆ ಇಲ್ಲಿಗೂ ಅನ್ವಯವಾಗುತ್ತಿತ್ತು, ಹಳೆಯ ಸಂಸ್ಥೆಗಳ ಲೆಟರ್‌ಹೆಡ್ಡಿನ ಮೇಲೆ ಎರಡೆರಡು ನೋಂದಣಿ ನಂಬರು ಕಾಣುವುದು ಅದಕ್ಕೇ. ಗಡಿಯಾಚೆ ಸೊಲ್ಲಾಪುರ, ಸಾಂಗಲಿ, ಕೊಲ್ಹಾಪುರದಲ್ಲಿ ಆ ಪದ್ಧತಿ ಇಂದಿಗೂ ನಡೆದಿದೆ. ಅಲ್ಲಿಯ ಬೈಲಾ ತಂದು ಕನ್ನಡಕ್ಕಿಳಿಸಿ ಹೆಸರು ಬದಲಿಸಿದರೆ, ಆಸ್ತಿ ಮಾರಲು ಚಾರಿಟಿ ಕಮಿಷನರ್ ಅನುಮತಿ ಬೇಕು, ಬದಲಾವಣೆಯನ್ನು ಅವರಿಗೆ ವರದಿ ಮಾಡಬೇಕು ಎಂಬ ಕಲಮುಗಳು ಹಾಗೇ ಉಳಿದುಬಿಡುತ್ತವೆ. ಕಚೇರಿಯಲ್ಲಿ ಗಮನಿಸಿದರೆ ಅರ್ಜಿ ಹಿಂದಕ್ಕೆ ಬರುತ್ತದೆ, ಗಮನಿಸದಿದ್ದರೆ ಇನ್ನೂ ಕೆಟ್ಟದ್ದು: ಇಲ್ಲದ ಅಧಿಕಾರಿಯ ಅನುಮತಿಯನ್ನು ನಿಮ್ಮ ಬೈಲಾ ನೀವು ಇರುವ ತನಕ ಕೇಳುತ್ತಿರುತ್ತದೆ.

ಉದ್ದೇಶಗಳನ್ನು ಕಾಯ್ದೆಯ 3ನೇ ಕಲಮಿನ ಚೌಕಟ್ಟಿನಲ್ಲಿ ಬರೆಯಬೇಕು: ದಾನಧರ್ಮ, ಶಿಕ್ಷಣ, ಸಾಹಿತ್ಯ, ಲಲಿತಕಲೆ, ಕ್ರೀಡೆ, ವಾಚನಾಲಯ, ನೀರು ಅರಣ್ಯದಂಥ ಸಂಪತ್ತಿನ ರಕ್ಷಣೆ ಹೀಗೆ. ಐದಾರು ಸಾಕು. ಗೋಶಾಲೆಯಿಂದ ಹಿಡಿದು ಎಂಜಿನಿಯರಿಂಗ್ ಕಾಲೇಜಿನ ತನಕ ನಲವತ್ತು ಉದ್ದೇಶ ಬರೆಯುವ ಚಟ ನಮ್ಮವರಿಗಿದೆ. ತೆರಿಗೆ ಕಚೇರಿಯವರು ಇವುಗಳಲ್ಲಿ ಯಾವುದನ್ನು ಮಾಡಿದ್ದೀರಿ, ಪುರಾವೆ ತೋರಿಸಿ ಎಂದಾಗ ಆ ಚಟ ಇಳಿಯುತ್ತದೆ.

'ನಮ್ಮ ಸಮಾಜದ ವಿದ್ಯಾರ್ಥಿಗಳಿಗೆ' ಎಂಬ ಶಬ್ದಗಳ ಬಗ್ಗೆ ಎಚ್ಚರ. ಒಂದು ಜಾತಿ ಅಥವಾ ಒಂದು ಧರ್ಮದವರಿಗಷ್ಟೇ ಮೀಸಲಾದ ಧರ್ಮಾರ್ಥ ಸಂಸ್ಥೆಗೆ ಆದಾಯ ತೆರಿಗೆಯ ವಿನಾಯಿತಿ ಸಿಗುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಮಹಿಳೆಯರು, ಮಕ್ಕಳಿಗಾಗಿ ಎಂದಿದ್ದರೆ ಅಡ್ಡಿಯಿಲ್ಲ. ಸಮಾಜದ ಹಾಸ್ಟೆಲ್ಲು ಕಟ್ಟುವ ಸಂಘಗಳು ನಮ್ಮಲ್ಲಿ ಊರೂರಿಗೆ ಇವೆ, ದೇಣಿಗೆ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಸಿಗುವಂಥ 80ಜಿ ರಸೀದಿ ಕೊಡಬೇಕೆಂದಾಗಲೇ ಈ ಸಂಗತಿ ಅವರ ಲಕ್ಷ್ಯಕ್ಕೆ ಬರುವುದು. ಜಾತ್ರೆ, ಪಲ್ಲಕ್ಕಿ, ದಾಸೋಹದ ಉದ್ದೇಶಗಳನ್ನೂ ಇದರೊಳಗೆ ಬೆರೆಸಬೇಡಿ. 80ಜಿ ಇರುವ ಸಂಸ್ಥೆ ಧಾರ್ಮಿಕ ಕೆಲಸಕ್ಕೆ ವರ್ಷದ ಆದಾಯದ ಶೇ. 5ಕ್ಕಿಂತ ಹೆಚ್ಚು ಖರ್ಚು ಮಾಡುವಂತಿಲ್ಲ.

ಸದಸ್ಯತ್ವದ ಅಧ್ಯಾಯಕ್ಕೆ ಎಷ್ಟು ಹೊತ್ತು ಕೊಟ್ಟರೂ ಕಡಿಮೆಯೇ. ಸಂಘಗಳ ಜಗಳದ ಮೂಲ ಇದೇ. ಯಾರು ಸದಸ್ಯರಾಗಬಹುದು, ಅರ್ಜಿಯನ್ನು ಒಪ್ಪುವವರು ಯಾರು, ಬೇಡವೆಂದರೆ ಕಾರಣ ಬರೆಯಬೇಕೋ, ವಂತಿಗೆ ಎಷ್ಟು, ಬಾಕಿ ಉಳಿದರೆ ಮತದ ಹಕ್ಕು ಯಾವಾಗ ಹೋಗುತ್ತದೆ, ತೆಗೆದುಹಾಕುವ ಮುಂಚೆ ಎಷ್ಟು ದಿನದ ನೋಟಿಸು. ಇಷ್ಟೂ ಬರೆದಿರಲಿ. ಹೊಸ ಸದಸ್ಯರಿಗೆ ಒಂದು ವರ್ಷ ತುಂಬಿದ ಮೇಲೆಯೇ ಮತದ ಹಕ್ಕು ಎಂಬ ಸಾಲನ್ನು ನಾವು ತಪ್ಪದೆ ಹಾಕಿಸುತ್ತೇವೆ. ಅದಿಲ್ಲದ ಕಡೆ ಚುನಾವಣೆಯ ಹಿಂದಿನ ವಾರ ಒಂದು ಟ್ರ್ಯಾಕ್ಸ್ ತುಂಬ ಆಜೀವ ಸದಸ್ಯರು ಬಂದಿಳಿಯುತ್ತಾರೆ, ಅವರೆಲ್ಲರ ವಂತಿಗೆ ಒಬ್ಬನೇ ಕಟ್ಟಿರುತ್ತಾನೆ.

ಸಭೆಗೆ ಕೋರಂ ಮೂರನೆಯ ಒಂದು ಪಾಲು ಇರಲಿ, ಅರ್ಧ ಅಂದರೆ ಎರಡನೆಯ ವರ್ಷಕ್ಕೇ ಸಭೆ ನಿಲ್ಲುತ್ತದೆ. ಕೋರಂ ಆಗದಿದ್ದರೆ ಅರ್ಧ ತಾಸು ಮುಂದೂಡಿ ಅದೇ ಜಾಗದಲ್ಲಿ, ಅದೇ ವಿಷಯಪತ್ರಿಕೆಯ ಮೇಲೆ ಸಭೆ ನಡೆಸಬಹುದು ಎಂದು ಬರೆಯಿರಿ, ಆದರೆ ಬೈಲಾ ತಿದ್ದುಪಡಿಗೂ ಆಸ್ತಿ ಮಾರಾಟಕ್ಕೂ ಈ ಸಡಿಲಿಕೆ ಇಲ್ಲ ಎಂದು ಮುಂದಿನ ಸಾಲಿನಲ್ಲೇ ಸೇರಿಸಿ. ವಾರ್ಷಿಕ ಸಭೆಗೆ 21 ದಿನದ ನೋಟಿಸು. ವಾಟ್ಸ್‌ಆ್ಯಪ್, ಇಮೇಲ್ ನೋಟಿಸು ನಡೆಯುತ್ತದೋ ಇಲ್ಲವೋ ಎಂಬುದನ್ನೂ ಬರೆದುಬಿಡಿ. ಮಂಡಳಿಯ ಅವಧಿ ಮೂರು ವರ್ಷ ಸಾಕು. ಚೆಕ್ಕಿಗೆ ಇಬ್ಬರ ಸಹಿ, ಅದರಲ್ಲಿ ಖಜಾಂಚಿಯ ಸಹಿ ಇರಲೇಬೇಕು.

ತೆರಿಗೆಯವರು ಹುಡುಕುವ ಕಲಮುಗಳು ಬೇರೆ. ಉಳಿತಾಯವನ್ನು ಸದಸ್ಯರಿಗೆ ಲಾಭವಾಗಿ ಹಂಚುವುದಿಲ್ಲ, ಸಂಘ ವಿಸರ್ಜನೆಯಾದರೆ ಉಳಿದ ಆಸ್ತಿ ಸದಸ್ಯರಿಗೆ ಹೋಗದೆ ಇಂಥದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ಹೋಗುತ್ತದೆ, ಲೆಕ್ಕ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31, ಪ್ರತಿವರ್ಷ ಸಿ.ಎ. ಅವರಿಂದ ಲೆಕ್ಕಪರಿಶೋಧನೆ. ಇವುಗಳಲ್ಲಿ ವಿಸರ್ಜನೆಯ ಕಲಮು ಬಿಟ್ಟುಹೋದದ್ದೇ ಹೆಚ್ಚು. ಹುಟ್ಟುವಾಗಲೇ ಸಾವಿನ ಮಾತೇಕೆ ಎಂದು ಹಿರಿಯರು ಬೇಡ ಅನ್ನುತ್ತಾರೆ, ಕೇಳಬೇಡಿ.

ಬೈಲಾ ಸಿದ್ಧವಾದ ಮೇಲೆ ಮೊದಲ ಸಭೆ. ನಡಾವಳಿ ಪುಸ್ತಕ ಪುಟಸಂಖ್ಯೆ ಅಚ್ಚಾದ ಗಟ್ಟಿ ರಟ್ಟಿನದಾಗಿರಲಿ, ಸುರುಳಿ ತಂತಿಯ ನೋಟ್‌ಬುಕ್ ಬೇಡ. ಬರೆಯುವ ಧಾಟಿ ಹೀಗೆ: "ದಿನಾಂಕ ಇಂಥದರಂದು ಮುಂಜಾನೆ 11 ಗಂಟೆಗೆ ಇಂಥಲ್ಲಿ ಕೂಡಿದ ಸಭೆಯಲ್ಲಿ ಕೆಳಗೆ ಸಹಿ ಮಾಡಿದವರು ಹಾಜರಿದ್ದರು. ವಿಷಯ 1: ಸಂಘದ ಹೆಸರು ನಿಶ್ಚಯಿಸುವುದು. ಠರಾವು: ಚರ್ಚಿಸಿ ಸರ್ವಾನುಮತದಿಂದ ಒಪ್ಪಲಾಯಿತು. ಸೂಚಕರು, ಅನುಮೋದಕರು." ಬೈಲಾ ಒಪ್ಪಿದ್ದು, ಪದಾಧಿಕಾರಿಗಳ ಆಯ್ಕೆ, ನೋಂದಣಿಗೆ ಓಡಾಡಲು ಒಬ್ಬರಿಗೆ ಅಧಿಕಾರ ಕೊಟ್ಟಿದ್ದು, ಒಂದೊಂದಕ್ಕೂ ಬೇರೆ ಠರಾವು. ಕೊನೆಯ ಸಾಲಿನ ಕೆಳಗೆ ಜಾಗ ಬಿಡದೆ ಗೆರೆ ಎಳೆದು ಸಹಿ ಹಾಕಿ. ಸಭೆಯ ದಿನಾಂಕಕ್ಕಿಂತ ಜ್ಞಾಪನ ಪತ್ರದ ದಿನಾಂಕ ಹಿಂದಿನದಾಗಿದ್ದರೆ ಅರ್ಜಿ ವಾಪಸು ಬರುವುದು ಖರೆ.

ಅರ್ಜಿ ಹೋಗುವುದು ಜಿಲ್ಲೆಯ ಸಹಕಾರ ಸಂಘಗಳ ಉಪ ನಿಬಂಧಕರ ಕಚೇರಿಗೆ. ಸಂಘಗಳ ಜಿಲ್ಲಾ ನೋಂದಣಾಧಿಕಾರಿಯೂ ಅವರೇ. ಪತ್ತಿನ ಸಹಕಾರಿಗಳದೂ ಅದೇ ಕಚೇರಿ, ಆದ್ದರಿಂದ ಒಳಗೆ ಹೋದ ಕೂಡಲೆ ನಿಮ್ಮದು 1960ರ ಕಾಯ್ದೆಯದು ಎಂದು ಬಿಡಿಸಿ ಹೇಳಿ. ಇಲ್ಲದಿದ್ದರೆ ಶೇರು, ಠೇವಣಿ ಎಂದು ಬೇರೆ ಟೇಬಲ್ಲಿಗೆ ಕಳಿಸುತ್ತಾರೆ. ಶುಲ್ಕ ರಾಜ್ಯ ಸರ್ಕಾರದ ಆನ್‌ಲೈನ್ ಖಜಾನೆ-2 ಚಲನ್ ಮೂಲಕ. ಏಳೂ ಮಂದಿಯ ಆಧಾರ್, ಫೋಟೋ, ಉದ್ಯೋಗದ ವಿವರ ಒಂದೇ ಪಟ್ಟಿಯಲ್ಲಿರಲಿ. ಉದ್ಯೋಗದ ಕಾಲಮಿನಲ್ಲಿ 'ಸಮಾಜ ಸೇವೆ' ಎಂದು ಎಲ್ಲರೂ ಬರೆಯಬೇಡಿ, ಒಕ್ಕಲುತನ, ಶಿಕ್ಷಕ, ಅಂಗಡಿ ಎಂದು ಇದ್ದದ್ದನ್ನು ಬರೆಯಿರಿ. ಸರ್ಕಾರಿ ನೌಕರರಿದ್ದರೆ ಇಲಾಖೆಯ ಅನುಮತಿ ಮೊದಲೇ ತೆಗೆದುಕೊಳ್ಳಲಿ.

ಸರ್ಟಿಫಿಕೇಟ್ ಕೈಗೆ ಬಂದ ದಿನ ಅದರೊಡನೆ ಶಿಕ್ಕಾ ಹೊಡೆದ ಬೈಲಾ ಪ್ರತಿಯನ್ನೂ ಕೇಳಿ ತೆಗೆದುಕೊಳ್ಳಿ. ಬ್ಯಾಂಕು, ತೆರಿಗೆ, ಕಂಪನಿ ಎಲ್ಲರೂ ಕೇಳುವುದು ಅದನ್ನೇ. ಮುಂದೆ ಸಂಘದ ಹೆಸರಿನ ಪ್ಯಾನ್, ಆಮೇಲೆ ಬ್ಯಾಂಕ್ ಖಾತೆ. ಖಾತೆಯಾಗುವ ತನಕ ದೇಣಿಗೆಯನ್ನು ಅಧ್ಯಕ್ಷರ ಫೋನ್‌ಪೇಗೆ ಹಾಕಿಸಿಕೊಳ್ಳುವುದು ಬೇಡವೇ ಬೇಡ. ಅದು ಅಧ್ಯಕ್ಷರ ಆದಾಯವಾಗಿ ಕಾಣುತ್ತದೆ.

ತೆರಿಗೆ ನೋಂದಣಿ ಎರಡು ಬಗೆ, ಎರಡಕ್ಕೂ ಅರ್ಜಿ ಬೇರೆ. 12ಎಬಿ ಸಂಸ್ಥೆಯ ಆದಾಯದ ತೆರಿಗೆ ವಿನಾಯಿತಿಗೆ, 80ಜಿ ದೇಣಿಗೆ ಕೊಡುವವರ ತೆರಿಗೆ ರಿಯಾಯಿತಿಗೆ. ಇವು 1961ರ ಕಾಯ್ದೆಯ ನಂಬರುಗಳು. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಜಾರಿಗೆ ಬಂದು ಕಲಮುಗಳ ನಂಬರು ಬದಲಾದರೂ ಮಂದಿ ಮಾತಾಡುವುದು ಹಳೆಯ ಹೆಸರಿನಲ್ಲೇ. ಕೆಲಸ ಶುರು ಮಾಡದ ಹೊಸ ಸಂಸ್ಥೆಗೆ ಮೊದಲು ತಾತ್ಕಾಲಿಕ ನೋಂದಣಿ ಸಿಗುತ್ತದೆ, ಮೂರು ವರ್ಷಕ್ಕೆ. ಅದು ಬಹುಬೇಗ ಬರುತ್ತದೆ, ಬಂದ ಕೂಡಲೇ ಎಲ್ಲರೂ ಕೈ ತೊಳೆದುಕೊಳ್ಳುತ್ತಾರೆ. ಕೆಲಸ ಶುರುವಾದ ಆರು ತಿಂಗಳೊಳಗೆ, ಅಥವಾ ತಾತ್ಕಾಲಿಕ ಅವಧಿ ಮುಗಿಯುವ ಆರು ತಿಂಗಳು ಮುಂಚೆ, ಎರಡರಲ್ಲಿ ಯಾವುದು ಮೊದಲೋ ಆಗ ನಿಯಮಿತ (ರೆಗ್ಯುಲರ್) ನೋಂದಣಿಗೆ ಅರ್ಜಿ ಹಾಕಬೇಕು. ಹೊಸ ಸಂಸ್ಥೆಗಳು ಅತಿ ಹೆಚ್ಚು ಮುಗ್ಗರಿಸುವುದು ಈ ದಿನಾಂಕದಲ್ಲಿ. ನಿಯಮಿತ ನೋಂದಣಿಯ ಅರ್ಜಿಗೆ ಫೋಟೋ, ಬಿಲ್ಲು, ಫಲಾನುಭವಿಗಳ ಪಟ್ಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ. ಕಾರ್ಯಕ್ರಮ ಮಾಡಿದ ದಿನವೇ ಹಾಜರಿ ಪಟ್ಟಿ ಮಾಡಿಡದವರು ಆಗ ಏನು ಕೊಡಬೇಕು? ನೋಂದಣಿಯಾದ ಮೇಲೆ ಉದ್ದೇಶದಲ್ಲಿ ತಿದ್ದುಪಡಿ ಮಾಡಿದರೆ 30 ದಿನದೊಳಗೆ ಮತ್ತೆ ಅರ್ಜಿ.

ನಮ್ಮ ಕಡೆ ದೇಣಿಗೆ ರೊಕ್ಕದ ರೂಪದಲ್ಲೇ ಹೆಚ್ಚು. 2,000 ರೂಪಾಯಿ ದಾಟಿದ ನಗದಿಗೆ ಕೊಟ್ಟವರಿಗೆ 80ಜಿ ಲಾಭ ಇಲ್ಲ. ಒಬ್ಬರಿಂದ ಒಂದು ದಿನದಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವಂತೆಯೇ ಇಲ್ಲ. ಪೆಟ್ಟಿಗೆ ಇಟ್ಟು ಹೆಸರಿಲ್ಲದೆ ಸಂಗ್ರಹಿಸಿದ ಹಣ, ಒಟ್ಟು ದೇಣಿಗೆಯ ಶೇ. 5 ಅಥವಾ 1 ಲಕ್ಷ, ಇವುಗಳಲ್ಲಿ ದೊಡ್ಡದನ್ನು ಮೀರಿದರೆ ಮೀರಿದ ಭಾಗಕ್ಕೆ ಶೇ. 30 ತೆರಿಗೆ. ರಸೀದಿಯಲ್ಲಿ ಹೆಸರು, ವಿಳಾಸ, ಪ್ಯಾನ್ ಬರೆದುಕೊಂಡರೆ ಈ ತಾಪತ್ರಯ ಇಲ್ಲ. 80ಜಿ ದೇಣಿಗೆಯ ಪಟ್ಟಿಯನ್ನು ಪ್ರತಿವರ್ಷ ಮೇ 31ರೊಳಗೆ ಆನ್‌ಲೈನ್ ಸಲ್ಲಿಸಬೇಕು, ತಪ್ಪಿದರೆ ದಿನಕ್ಕೆ 200 ರೂಪಾಯಿ. ಬಂದ ಆದಾಯದ ಶೇ. 85 ಅದೇ ವರ್ಷ ಉದ್ದೇಶಕ್ಕೆ ಖರ್ಚಾಗಬೇಕು. ಕಟ್ಟಡಕ್ಕೆಂದು ಕೂಡಿಡುವುದಿದ್ದರೆ ಅದಕ್ಕೂ ಮುಂಚಿತವಾಗಿ ಫಾರ್ಮು ಇದೆ, ಸಿ.ಎ. ಅವರಿಗೆ ಮಾರ್ಚ್‌ನಲ್ಲೇ ಹೇಳಿ.

ಉಪ ನಿಬಂಧಕರ ಕಚೇರಿಯ ಋಣವೂ ಅಲ್ಲಿಗೇ ತೀರುವುದಿಲ್ಲ. ವಾರ್ಷಿಕ ಸಭೆಯಾದ 14 ದಿನದೊಳಗೆ, 13ನೇ ಕಲಮಿನ ಪ್ರಕಾರ, ಮಂಡಳಿಯ ಪಟ್ಟಿಯನ್ನು ಲೆಕ್ಕಪರಿಶೋಧಿತ ಅಢಾವೆ ಪತ್ರಿಕೆಯ ಜೊತೆ ಸಲ್ಲಿಸಬೇಕು. ಜಮಾ ಖರ್ಚು ಸೊನ್ನೆಯಾದರೂ ಸಲ್ಲಿಸಬೇಕು. ಸ್ವೀಕೃತಿಯ ಶಿಕ್ಕಾ ಬಿದ್ದ ಪ್ರತಿಯನ್ನು ಕಡತದಲ್ಲಿಡಿ. ಮಂಡಳಿ ಬದಲಾದಾಗ ಬ್ಯಾಂಕಿನವರು ಹೊಸ ಸಹಿ ಒಪ್ಪುವುದು ಇದನ್ನು ನೋಡಿಯೇ. ಪದಾಧಿಕಾರಿಗಳು ಯಾರೆಂಬ ವ್ಯಾಜ್ಯ ಎದ್ದರೆ ಮೊದಲು ತೆಗೆಯುವ ಕಾಗದವೂ ಇದೇ.

ಕೇಂದ್ರದ ಅನುದಾನಕ್ಕೆ ನೀತಿ ಆಯೋಗದ ದರ್ಪಣ್ ಪೋರ್ಟಲ್ಲಿನ ಐಡಿ ಬೇಕು, ಪದಾಧಿಕಾರಿಗಳ ಪ್ಯಾನ್, ಆಧಾರ್ ಹೆಸರು ತಾಳೆಯಾಗಿದ್ದರೆ ಅದು ಅಂಥ ಕಷ್ಟವಲ್ಲ. ಕೂಡಗಿಯ ವಿದ್ಯುತ್ ಸ್ಥಾವರ, ಬಾಗಲಕೋಟೆ ಕಡೆಯ ಸಿಮೆಂಟು, ಸಕ್ಕರೆ ಕಾರ್ಖಾನೆಗಳ ಸಿ.ಎಸ್.ಆರ್. ಹಣದ ಮೇಲೆ, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ತೆಗೆದಿಡುವ ಹಣದ ಮೇಲೆ, ಎಲ್ಲರ ಕಣ್ಣು. ಅದಕ್ಕೆ ಕಂಪನಿ ಸಚಿವಾಲಯದಲ್ಲಿ ಸಿ.ಎಸ್.ಆರ್.-1 ನೋಂದಣಿ, ಅದರ ಹಿಂದೆ 12ಎಬಿ ಮತ್ತು 80ಜಿ, ಅದರ ಮೇಲೆ ಮೂರು ವರ್ಷ ಕೆಲಸ ಮಾಡಿದ ದಾಖಲೆ. ವಿದೇಶಿ ದೇಣಿಗೆಯ ನೋಂದಣಿಗೂ ಮೂರು ವರ್ಷ, ಆ ಮೂರು ವರ್ಷದಲ್ಲಿ ಉದ್ದೇಶಕ್ಕೆ 15 ಲಕ್ಷ ಖರ್ಚು ಮಾಡಿರಬೇಕು, ಹಣ ಬರುವ ಖಾತೆ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯದೇ ಆಗಬೇಕು. ಹೊಸ ಸಂಘ ಈ ಎರಡನ್ನೂ ಸದ್ಯಕ್ಕೆ ಮರೆತು, ಊರಿನ ವಂತಿಗೆಯಲ್ಲಿ ಮೂರು ವರ್ಷದ ಲೆಕ್ಕ, ನಡಾವಳಿ, ಸದಸ್ಯರ ಪುಸ್ತಕ ನೆಟ್ಟಗೆ ಇಡಲಿ. ಸಿ.ಎಸ್.ಆರ್. ಅಧಿಕಾರಿಗಳು ಮೊದಲು ಕೇಳುವುದೂ ಇವೇ ಮೂರನ್ನು.